ಕಾಂಟ್ಯಾಕ್ಟ್ ಲೆನ್ಸ್ ಹಾಕಲು ನೀವು ರೆಡಿನಾ? ಕೊಳ್ಳುವ ಮೊದಲು ಹೀಗೆ ನೋಡಿಕೊಳ್ಳಿ

"ಮಗಳಿಗೆ 11 ವರ್ಷ, ಲೆನ್ಸ್ ಹಾಕಿಸಬಹುದಾ?" "ನನ್ನ ಪವರ್ ಮೈನಸ್ 7, ನನಗೆ ಆಗುತ್ತಾ?" "45 ದಾಟಿದೆ, ಈಗ ಶುರು ಮಾಡಿದರೆ ತಡ ಆಯ್ತಾ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಎಲ್ಲರೂ ಒಂದು ಸಂಖ್ಯೆ ಹೇಳುತ್ತಾರೆ, ಉತ್ತರವಾಗಿಯೂ ಒಂದು ಸಂಖ್ಯೆಯನ್ನೇ ಬಯಸುತ್ತಾರೆ. ಇಷ್ಟು ವಯಸ್ಸಾದರೆ ಸರಿ, ಇಷ್ಟು ಪವರ್ ಇದ್ದರೆ ಸರಿ ಅಂತ.

ಅಂಥ ಸಂಖ್ಯೆ ಇಲ್ಲ. ಅದಕ್ಕೇ ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ರಾತ್ರಿ ಹನ್ನೊಂದೂವರೆ. ವಿಪರೀತ ಸುಸ್ತು. ದಿಂಬಿಗೆ ತಲೆ ಕೊಟ್ಟಾಗಿದೆ, ಕಣ್ಣು ಎಳೆಯುತ್ತಿದೆ. ಆಗ ಎದ್ದು ಹೋಗಿ, ಸೋಪು ಹಾಕಿ ಕೈ ತೊಳೆದು, ಒರೆಸಿಕೊಂಡು, ಎರಡೂ ಕಣ್ಣಿನ ಲೆನ್ಸ್ ತೆಗೆದು ಬಂದು ಮಲಗುತ್ತೀರಾ? ದಿನಾ? ಯಾರೂ ನೆನಪಿಸದೆ?

ಈ ಪ್ರಶ್ನೆಗೆ ತಡವರಿಸದೆ ಹೌದು ಅಂದರೆ ಮುಕ್ಕಾಲು ಪಾಲು ಸಿದ್ಧ ಅಂತಲೇ ಲೆಕ್ಕ. ಉಳಿದ ಕಾಲು ಪಾಲನ್ನು ನಿಮ್ಮ ಕಣ್ಣು ಹೇಳಬೇಕು, ಕಣ್ಣಿನ ಡಾಕ್ಟರ್ ಹೇಳಬೇಕು. ಕೆಳಗಿನ ಹಂತಗಳನ್ನು ಒಂದೊಂದಾಗಿ ದಾಟುತ್ತಾ ಬನ್ನಿ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಅಲ್ಲೇ ನಿಲ್ಲಿ, ಮುಂದಿನದಕ್ಕೆ ಹಾರಬೇಡಿ.

ಅದಕ್ಕೂ ಮೊದಲು: ಲೆನ್ಸ್ ಕೂರುವುದು ಎಲ್ಲಿ?

ಕಣ್ಣಿನ ಕಪ್ಪು ಅಥವಾ ಕಂದು ಭಾಗದ ಮುಂದೆ, ಗಡಿಯಾರದ ಗಾಜಿನ ಹಾಗೆ ಉಬ್ಬಿದ ಒಂದು ಪಾರದರ್ಶಕ ಪದರ ಇದೆ. ಅದೇ ಕಾರ್ನಿಯಾ. ನಡುವೆ ಅದರ ದಪ್ಪ ಅರ್ಧ ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಬೆಳಕು ತಡೆಯಿಲ್ಲದೆ ಒಳಗೆ ಹೋಗಬೇಕಲ್ಲ, ಅದಕ್ಕೇ ಅದರಲ್ಲಿ ರಕ್ತನಾಳಗಳಿಲ್ಲ. ಹಾಗಾಗಿ ಅದಕ್ಕೆ ಬೇಕಾದ ಆಮ್ಲಜನಕ ಹೆಚ್ಚಾಗಿ ಗಾಳಿಯಿಂದ, ಕಣ್ಣೀರಿನ ಪದರದ ಮೂಲಕ ಬರುತ್ತದೆ.

ಲೆನ್ಸ್ ತೇಲುವುದು ಆ ಕಣ್ಣೀರಿನ ಮೇಲೆ. ಒಳ್ಳೆಯ ಲೆನ್ಸ್ ಗಾಳಿಯನ್ನು ಸಾಕಷ್ಟು ಬಿಡುತ್ತದೆ. ಆದರೆ ರೆಪ್ಪೆ ಮುಚ್ಚಿ ಮಲಗಿದಾಗ ಹೇಗೂ ಗಾಳಿ ಕಡಿಮೆ. ಅದರ ಜೊತೆಗೆ ಲೆನ್ಸೂ ಇದ್ದರೆ ಕಾರ್ನಿಯಾ ಸೊರಗುತ್ತದೆ. ಸೊರಗಿದ ಜಾಗದಲ್ಲಿ ಒಂದು ಸಣ್ಣ ಗೀರು, ಅಲ್ಲಿಗೆ ಒಂದಿಷ್ಟು ಕ್ರಿಮಿ ಸೇರಿದರೆ ಹುಣ್ಣಾಗುತ್ತದೆ. ಹುಣ್ಣು ಮಾಗಿದರೂ ಬಿಳಿ ಕಲೆ ಉಳಿಯಬಹುದು. ಕಲೆ ನಟ್ಟನಡುವೆ ಬಿದ್ದರೆ ದೃಷ್ಟಿಯೇ ಮಂಕು. ಮುಂದೆ ನಾನು ಹೇಳುವ ಪ್ರತಿಯೊಂದು ಎಚ್ಚರಿಕೆಯ ಹಿಂದೆ ಇರುವುದು ಇಷ್ಟೇ ಕಥೆ.

ಹೆದರಿಸಲು ಹೇಳುತ್ತಿಲ್ಲ. ಹಗಲು ಹಾಕಿ ರಾತ್ರಿ ತೆಗೆಯುವ ಸಾಫ್ಟ್ ಲೆನ್ಸ್ ಬಳಕೆದಾರರಲ್ಲಿ ಕ್ರಿಮಿಯಿಂದ ಕಾರ್ನಿಯಾ ಹುಣ್ಣಾಗುವುದು ವರ್ಷಕ್ಕೆ 10,000 ಜನರಲ್ಲಿ ಸುಮಾರು 2 ಮಂದಿಗೆ. ಹಾಕಿಕೊಂಡೇ ಮಲಗುವವರಲ್ಲಿ ಇದು ಸುಮಾರು 20. ಕಣ್ಣು ಅದೇ, ಲೆನ್ಸೂ ಅದೇ. ಬದಲಾದದ್ದು ಅಭ್ಯಾಸ ಮಾತ್ರ.

ಹಂತ 1: ಯಾಕೆ ಬೇಕು ಅಂತ ಒಂದು ಸಾಲಿನಲ್ಲಿ ಬರೆಯಿರಿ

ಕಾಗದದ ಮೇಲೆ ನಿಜವಾಗಿ ಬರೆಯಿರಿ. "ಆಟ ಆಡುವಾಗ ಕನ್ನಡಕ ಜಾರುತ್ತದೆ", "ಹೆಲ್ಮೆಟ್ ಒಳಗೆ ಗಾಜು ಮಂಜಾಗುತ್ತದೆ", "ದಪ್ಪ ಗಾಜಿನ ಅಂಚಿನಲ್ಲಿ ಎಲ್ಲ ಸೊಟ್ಟ ಕಾಣುತ್ತದೆ". ಇವೆಲ್ಲ ಗಟ್ಟಿ ಕಾರಣಗಳು. ಎರಡು ಕಣ್ಣಿನ ಪವರ್ ನಡುವೆ ತುಂಬಾ ಅಂತರ ಇರುವವರಿಗಂತೂ ಲೆನ್ಸ್ ದೊಡ್ಡ ಆರಾಮ. ಕನ್ನಡಕದಲ್ಲಿ ಒಂದು ಕಣ್ಣಿಗೆ ವಸ್ತು ದೊಡ್ಡದು, ಇನ್ನೊಂದಕ್ಕೆ ಚಿಕ್ಕದು ಕಾಣುವ ತೊಂದರೆ ಲೆನ್ಸ್‌ನಲ್ಲಿ ಬಹಳ ಕಡಿಮೆಯಾಗುತ್ತದೆ. ಕಾರ್ನಿಯಾ ಶಂಕುವಿನ ಹಾಗೆ ಚೂಪಾಗುವ ಕೆರಟೋಕೋನಸ್ ಎಂಬ ತೊಂದರೆ ಇರುವವರಿಗೆ ಕನ್ನಡಕದಲ್ಲಿ ಸರಿಯಾಗಿ ಕಾಣದೆ, ವಿಶೇಷ ಲೆನ್ಸೇ ಬೇಕಾಗುವುದೂ ಉಂಟು.

ಚಂದ ಕಾಣಬೇಕು ಅನ್ನುವುದೂ ಕಾರಣವೇ, ಅದರಲ್ಲಿ ನಾಚಿಕೆ ಬೇಡ. ಆದರೆ ಆ ಆಸೆ ನಿಮ್ಮದಾಗಿರಬೇಕು. "ಕನ್ನಡಕ ನಿನಗೆ ಒಪ್ಪಲ್ಲ" ಅಂತ ಬೇರೆ ಯಾರೋ ಹೇಳಿದ್ದಕ್ಕೆ ಶುರು ಮಾಡಿದವರು ಮೂರು ತಿಂಗಳಲ್ಲಿ ಬಿಟ್ಟುಬಿಡುವುದನ್ನು ಜಾಸ್ತಿ ನೋಡಿದ್ದೇನೆ.

ಇಲ್ಲಿ ಎಡವುವುದು ಎರಡು ಕಡೆ. ಒಂದು, ಅವಸರ. "ಮುಂದಿನ ವಾರ ಮದುವೆ ಇದೆ, ಅಷ್ಟರೊಳಗೆ ಬೇಕು" ಅನ್ನುವವರು. ಪರೀಕ್ಷೆ, ಟ್ರಯಲ್, ಅಭ್ಯಾಸ ಎಲ್ಲ ಸೇರಿ ಮೂರು ನಾಲ್ಕು ವಾರ ಇಟ್ಟುಕೊಳ್ಳಿ. ಮದುವೆಯ ದಿನ ಕಣ್ಣು ಕೆಂಪಾಗಿ ನೀರು ಸುರಿಯುವುದಕ್ಕಿಂತ ಕನ್ನಡಕದಲ್ಲೇ ಹೋಗುವುದು ವಾಸಿ. ಇನ್ನೊಂದು, ಲೆನ್ಸ್ ಹಾಕಿದರೆ ಪವರ್ ಹೋಗಿಬಿಡುತ್ತದೆ ಅನ್ನುವ ನಂಬಿಕೆ. ಹೋಗುವುದಿಲ್ಲ. ಮಕ್ಕಳಲ್ಲಿ ಮೈನಸ್ ಪವರ್ ಏರುವ ವೇಗವನ್ನು ತಗ್ಗಿಸಲೆಂದೇ ಮಾಡಿದ ಲೆನ್ಸ್‌ಗಳಿವೆ, ನಿಜ. 8ರಿಂದ 12 ವರ್ಷದೊಳಗೆ ಶುರು ಮಾಡುವ ಮಕ್ಕಳಿಗಾಗಿ ಅಂಥ ಒಂದು ಲೆನ್ಸ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಒಪ್ಪಿಗೆ ಕೊಟ್ಟಿತು. ಅವು ಏರಿಕೆಯನ್ನು ನಿಧಾನ ಮಾಡುತ್ತವೆ, ಇರುವ ಪವರ್ ಅಳಿಸುವುದಿಲ್ಲ. ಸಾಮಾನ್ಯ ಲೆನ್ಸ್‌ಗೆ ಆ ಗುಣವೂ ಇಲ್ಲ.

ಹಂತ 2: ವಯಸ್ಸು ಬಿಡಿ, ಕೆಲಸ ಯಾರು ಮಾಡುತ್ತಾರೆ ನೋಡಿ

ಹುಟ್ಟುವಾಗಲೇ ಕಣ್ಣಿನ ಪೊರೆ ಇದ್ದು ಆಪರೇಷನ್ ಆದ ಹಸುಗೂಸುಗಳಿಗೂ ಲೆನ್ಸ್ ಹಾಕುತ್ತಾರೆ. ಅಂದರೆ ಕಣ್ಣಿಗೆ ವಯಸ್ಸಿನ ತಕರಾರಿಲ್ಲ. ಅಲ್ಲಿ ಹಾಕುವುದು, ತೆಗೆಯುವುದು, ತೊಳೆಯುವುದು ಎಲ್ಲ ಅಪ್ಪ ಅಮ್ಮನ ಕೆಲಸ. ನಿಮ್ಮ ಮನೆಯಲ್ಲಿ ಆ ಕೆಲಸ ಯಾರ ಪಾಲಿಗೆ ಬೀಳುತ್ತದೆ ಅನ್ನುವುದೇ ಅಸಲು ಪ್ರಶ್ನೆ.

8ರಿಂದ 12ರ ಮಕ್ಕಳು ಚೆನ್ನಾಗಿಯೇ ಕಲಿಯುತ್ತಾರೆ. ಕಲಿಸಲು ದೊಡ್ಡವರಿಗಿಂತ ಸ್ವಲ್ಪ ಹೊತ್ತು ಜಾಸ್ತಿ ಬೇಕು, ಅಷ್ಟೇ. ನಿಮ್ಮ ಮಗು ಸಿದ್ಧವಾ ಅಂತ ತಿಳಿಯಲು ಹೀಗೆ ಗಮನಿಸಿ. ಹಲ್ಲುಜ್ಜು ಅಂತ ದಿನಾ ಹೇಳಬೇಕಾ? ಕನ್ನಡಕವನ್ನು ತಾನೇ ಒರೆಸಿ ಡಬ್ಬಿಯಲ್ಲಿ ಇಡುತ್ತದಾ, ಇಲ್ಲಾ ಸೋಫಾ ಕೆಳಗೆ ಹುಡುಕಬೇಕಾ? ಎಲ್ಲಕ್ಕಿಂತ ಮುಖ್ಯವಾಗಿ, ಎಲ್ಲಾದರೂ ನೋವಾದರೆ ಬಂದು ಹೇಳುತ್ತದಾ, ಬೈಗುಳಕ್ಕೆ ಹೆದರಿ ಮುಚ್ಚಿಡುತ್ತದಾ? ಮುಚ್ಚಿಡುವ ಮಗುವಾದರೆ ಇನ್ನೂ ಕಾಯಿರಿ. ಕಣ್ಣು ಉರಿಯುತ್ತಿದ್ದರೂ "ಲೆನ್ಸ್ ಕಿತ್ತುಕೊಳ್ಳುತ್ತಾರೆ" ಅಂತ ಎರಡು ದಿನ ಸುಮ್ಮನಿದ್ದರೆ, ಆ ಎರಡು ದಿನವೇ ದುಬಾರಿ.

ನನ್ನ ಅನುಭವದಲ್ಲಿ 10 ವರ್ಷದವರಿಗಿಂತ 18, 20ರವರೇ ಹೆಚ್ಚು ಎಡವುತ್ತಾರೆ. ಚಿಕ್ಕವರು ಹೇಳಿದ ನಿಯಮವನ್ನು ಹೇಳಿದ ಹಾಗೇ ಪಾಲಿಸುತ್ತಾರೆ. ದೊಡ್ಡ ಹುಡುಗರು ತಡರಾತ್ರಿ ಬಂದು ಹಾಗೇ ಉರುಳುತ್ತಾರೆ, ಬಣ್ಣದ ಲೆನ್ಸ್ ಅದಲು ಬದಲು ಮಾಡಿಕೊಳ್ಳುತ್ತಾರೆ.

40 ದಾಟಿದವರಿಗೆ ಒಂದು ಬೇರೆಯೇ ಮಾತು. ಮೈನಸ್ ಪವರ್ ಇರುವವರು ಹತ್ತಿರದ್ದನ್ನು ನೋಡಲು ಕನ್ನಡಕದಲ್ಲಿ ಕಣ್ಣಿಗೆ ಕೊಡುವ ಶ್ರಮಕ್ಕಿಂತ ಲೆನ್ಸ್‌ನಲ್ಲಿ ಸ್ವಲ್ಪ ಜಾಸ್ತಿ ಕೊಡಬೇಕು. ಅದಕ್ಕೇ ಕನ್ನಡಕದಲ್ಲಿ ಆರಾಮಾಗಿ ಫೋನ್ ಓದುತ್ತಿದ್ದವರು ಲೆನ್ಸ್ ಹಾಕಿದ ಮೊದಲ ದಿನವೇ "ಅಯ್ಯೋ, ಚಾಳೀಸು ಬಂದೇಬಿಡ್ತು" ಅನ್ನುತ್ತಾರೆ. ಬಂದಿದ್ದು ಅವತ್ತಲ್ಲ, ಕಂಡಿದ್ದು ಅವತ್ತು. ಇದಕ್ಕೆ ದಾರಿಗಳಿವೆ. ದೂರ, ಹತ್ತಿರ ಎರಡಕ್ಕೂ ಆಗುವ ಮಲ್ಟಿಫೋಕಲ್ ಲೆನ್ಸ್ ಹಾಕಬಹುದು. ಒಂದು ಕಣ್ಣು ದೂರಕ್ಕೆ, ಇನ್ನೊಂದು ಹತ್ತಿರಕ್ಕೆ ಅಂತ ಹಂಚಬಹುದು. ಲೆನ್ಸ್ ಮೇಲೆ ಓದುವ ಕನ್ನಡಕ ಹಾಕಿಕೊಳ್ಳಬಹುದು. ತಡ ಆಗಿಲ್ಲ. ಬೆರಳು ನಡುಗುತ್ತದಾ, ಕೀಲು ಹಿಡಿದುಕೊಂಡಿದೆಯಾ ಅಂತ ಮಾತ್ರ ಪ್ರಾಮಾಣಿಕವಾಗಿ ನೋಡಿಕೊಳ್ಳಿ.

ಹಂತ 3: ನಿಮ್ಮ ಕಣ್ಣಿನ ಸ್ವಭಾವ

ಕೆಳಗಿನವುಗಳಲ್ಲಿ ಯಾವುದಾದರೂ ಇದ್ದರೆ ಬರೆದಿಟ್ಟುಕೊಂಡು ಡಾಕ್ಟರಿಗೆ ತೋರಿಸಿ.

- ಸಂಜೆ ಹೊತ್ತಿಗೆ ಕಣ್ಣಲ್ಲಿ ಮರಳು ಬಿದ್ದ ಹಾಗೆ ಚುಚ್ಚುವುದು, ಉರಿ
- ವರ್ಷದ ಕೆಲವು ತಿಂಗಳು ವಿಪರೀತ ತುರಿಕೆ, ಕೈ ಕಣ್ಣಿಗೇ ಹೋಗುವುದು
- ಬೆಳಗ್ಗೆ ಎದ್ದಾಗ ಗೀಜು, ರೆಪ್ಪೆ ಬುಡದಲ್ಲಿ ಹೊಟ್ಟಿನಂಥ ಪುಡಿ, ಪದೇ ಪದೇ ರೆಪ್ಪೆಯಲ್ಲಿ ಕುರು
- ಹಿಂದೆ ಕಾರ್ನಿಯಾಕ್ಕೆ ಹರ್ಪಿಸ್ ವೈರಸ್ ಸೋಂಕು ಅಥವಾ ಹುಣ್ಣು ಆಗಿದ್ದು, ಕಣ್ಣಿನ ಆಪರೇಷನ್ ಆಗಿದ್ದು
- ಹತೋಟಿಗೆ ಬಾರದ ಸಕ್ಕರೆ ಕಾಯಿಲೆ
- ಮೊಡವೆಗೆ ಐಸೋಟ್ರೆಟಿನಾಯಿನ್ ಮಾತ್ರೆ, ನೆಗಡಿ, ಅಲರ್ಜಿಗೆ ದಿನಾ ತೆಗೆದುಕೊಳ್ಳುವ ಮಾತ್ರೆ

ಕೊನೆಯದನ್ನು ಯಾರೂ ಹೇಳುವುದೇ ಇಲ್ಲ. ಮೊಡವೆಗೂ ಕಣ್ಣಿಗೂ ಏನು ಸಂಬಂಧ ಅಂತ. ಈ ಮಾತ್ರೆಗಳು ಕಣ್ಣನ್ನು ಒಣಗಿಸುತ್ತವೆ, ಒಣ ಕಣ್ಣಿನಲ್ಲಿ ಲೆನ್ಸ್ ಅಂಟಿ ಕೂರುತ್ತದೆ. ಹರ್ಪಿಸ್ ಬಂದುಹೋದ ಕಾರ್ನಿಯಾದಲ್ಲಿ ಸ್ಪರ್ಶಜ್ಞಾನ ಕಡಿಮೆ ಆಗಿರಬಹುದು. ಆಗ ಗೀರು ಬಿದ್ದರೂ ನೋವು ಗೊತ್ತಾಗದೇ ಹೋಗಬಹುದು.

ಇವು ಇದ್ದ ಮಾತ್ರಕ್ಕೆ ಲೆನ್ಸ್ ಇಲ್ಲ ಅಂತ ಅರ್ಥವಲ್ಲ. ಎಷ್ಟೋ ಸಲ ಮೊದಲು ರೆಪ್ಪೆ ಸರಿಮಾಡಿಕೊಂಡು, ಅಲರ್ಜಿ ತಗ್ಗಿಸಿಕೊಂಡು, ಮಾತ್ರೆ ಮುಗಿದ ಮೇಲೆ ಶುರು ಮಾಡಿ ಅನ್ನುತ್ತಾರೆ. ಗರ್ಭಿಣಿಯರಲ್ಲಿ ಕಣ್ಣೀರಿನ ಪ್ರಮಾಣ, ಕಾರ್ನಿಯಾದ ಆಕಾರ ಎರಡೂ ಸ್ವಲ್ಪ ಬದಲಾಗಬಹುದು. ಹೊಸದಾಗಿ ಶುರು ಮಾಡುವುದಿದ್ದರೆ ಹೆರಿಗೆ ಆಗಿ ಕೆಲವು ತಿಂಗಳು ಕಳೆಯಲಿ ಅನ್ನುವುದು ನನ್ನ ಸಲಹೆ.

ಹಂತ 4: ನಿಮ್ಮ ದಿನ ಹೇಗಿರುತ್ತದೆ?

ನಾವು ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಬಡಿಯುತ್ತೇವೆ. ಸ್ಕ್ರೀನ್ ಮುಂದೆ ಕೂತರೆ ಅದು ಅರ್ಧಕ್ಕೂ ಇಳಿಯಬಹುದು. ದಿನಕ್ಕೆ ಹತ್ತು ಗಂಟೆ ಕಂಪ್ಯೂಟರ್, ಮೇಲಿಂದ ಎಸಿ ಗಾಳಿ ಅಂದರೆ ಲೆನ್ಸ್ ಒಣಗುತ್ತದೆ. ಅಂಥವರು ಆಫೀಸಿಗೆ ಕನ್ನಡಕ, ಆಟಕ್ಕೆ, ಓಡಾಟಕ್ಕೆ ಲೆನ್ಸ್ ಅಂತ ಹಂಚಿಕೊಂಡರೆ ಆಯ್ತು. ಲೆನ್ಸ್ ಅಂದರೆ ದಿನಪೂರ್ತಿ ಹಾಕಲೇಬೇಕು ಅಂತ ಯಾರೂ ಹೇಳಿಲ್ಲ. ವಾರಕ್ಕೆ ಎರಡು ದಿನ ಹಾಕುವವರೂ ಲೆನ್ಸ್ ಬಳಕೆದಾರರೇ.

ಸಿಮೆಂಟ್ ಧೂಳು, ಮರದ ಹೊಟ್ಟು, ರಾಸಾಯನಿಕದ ಹಬೆ ಇರುವ ಕಡೆ ಕೆಲಸ ಮಾಡುವವರು ಲೆನ್ಸನ್ನು ಕಣ್ಣಿನ ರಕ್ಷಣೆ ಅಂದುಕೊಳ್ಳಬೇಡಿ. ಅದರ ಮೇಲೆ ಸುರಕ್ಷತಾ ಕನ್ನಡಕ ಬೇಕೇ ಬೇಕು. ರಾತ್ರಿ ಪಾಳಿಯವರು, ದೂರ ಗಾಡಿ ಓಡಿಸುವವರು, ಎಲ್ಲೆಂದರಲ್ಲಿ ಹತ್ತು ನಿಮಿಷ ಕಣ್ಣು ಮುಚ್ಚುವ ಅಭ್ಯಾಸ ಇರುವವರು ಎರಡು ಸಲ ಯೋಚಿಸಿ. ಹಗಲಿನ ಜೊಂಪೂ ನಿದ್ದೆಯೇ.

ನೀರು. ಇದನ್ನು ಒತ್ತಿ ಹೇಳಬೇಕು. ನಲ್ಲಿ ನೀರು, ಬಾವಿ ನೀರು, ಈಜುಕೊಳ, ಕೆರೆ, ಶವರ್, ಯಾವ ನೀರೂ ಲೆನ್ಸ್‌ಗೆ ತಾಗಬಾರದು. ಕುಡಿಯಲು ಯೋಗ್ಯವಾದ ನೀರಿನಲ್ಲೂ ಅಕಾಂತಮೀಬಾ ಎಂಬ ಏಕಕೋಶ ಜೀವಿ ಇರಬಹುದು. ಹೊಟ್ಟೆಗೆ ಹೋದರೆ ಏನೂ ಮಾಡದ ಅದು ಕಾರ್ನಿಯಾಕ್ಕೆ ಹೊಕ್ಕರೆ ತಿಂಗಳುಗಟ್ಟಲೆ ಔಷಧ ಹಾಕಬೇಕಾಗುತ್ತದೆ. 1980ರ ದಶಕದಲ್ಲಿ ಮನೆಯಲ್ಲೇ ಉಪ್ಪಿನ ಮಾತ್ರೆ ಕರಗಿಸಿ ಲೆನ್ಸ್ ನೀರು ಮಾಡಿಕೊಳ್ಳುತ್ತಿದ್ದವರಲ್ಲಿ ಈ ಸೋಂಕು ಹೆಚ್ಚಾಗಿ ಕಂಡುಬಂದ ಮೇಲೆಯೇ ಜಗತ್ತು ಎಚ್ಚೆತ್ತದ್ದು. ದಿನಾ ಈಜುವವರಾ? ಹಾಗಾದರೆ ಪವರ್ ಇರುವ ಈಜುಗನ್ನಡಕದ ಬಗ್ಗೆ ವಿಚಾರಿಸಿ, ಲೆನ್ಸ್ ಬೇಡ.

ಹಂತ 5: ಲೆನ್ಸ್ ಇಲ್ಲದೆ 14 ದಿನದ ತಾಲೀಮು

ಖರ್ಚಿಲ್ಲದ ಪರೀಕ್ಷೆ ಇದು, ಮತ್ತು ನನ್ನ ಪ್ರಕಾರ ಎಲ್ಲಕ್ಕಿಂತ ಸತ್ಯ ಹೇಳುವುದೂ ಇದೇ. ನಾಟಕದವರು ವೇಷ ಹಾಕದೆ ತಾಲೀಮು ಮಾಡುತ್ತಾರಲ್ಲ, ಹಾಗೆ. ಎರಡು ವಾರ ನಿಮ್ಮ ಹಳೇ ಕನ್ನಡಕವನ್ನೇ ಲೆನ್ಸ್ ಅಂದುಕೊಳ್ಳಿ.

ಬೆಳಗ್ಗೆ ಕನ್ನಡಕ ಮುಟ್ಟುವ ಮೊದಲು ಸೋಪಿನಿಂದ 20 ಸೆಕೆಂಡ್ ಕೈ ತೊಳೆಯಿರಿ. ಎಳೆ ಬಿಡದ, ಶುಭ್ರವಾದ ಬಟ್ಟೆಯಲ್ಲಿ ಪೂರ್ತಿ ಒಣಗಿಸಿ. ಕನ್ನಡಿ ಮುಂದೆ ನಿಂತು ಐದು ನಿಮಿಷ ಕಳೆಯಿರಿ. ಆ ಹೊತ್ತಿನಲ್ಲಿ ಒಂದು ಬೆರಳಿಂದ ಮೇಲಿನ ರೆಪ್ಪೆ ಎತ್ತಿ, ಇನ್ನೊಂದರಿಂದ ಕೆಳಗಿನದನ್ನು ಎಳೆದು, ಕಣ್ಣು ಮಿಟುಕಿಸದೆ ಹಿಡಿದುಕೊಳ್ಳುವುದನ್ನು ಕಲಿಯಿರಿ. ಗುಡ್ಡೆ ಮುಟ್ಟಬೇಡಿ. ದಿನದಲ್ಲಿ ಬರೀ ಕೈ ಕಣ್ಣಿಗೆ ಎಷ್ಟು ಸಲ ಹೋಯಿತು ಅಂತ ಎಣಿಸಿ. ಮಲಗುವ ಮೊದಲು, ಎಷ್ಟೇ ಹೊತ್ತಾಗಿರಲಿ, ಮತ್ತೆ ಕೈ ತೊಳೆದು ಒಣಗಿಸಿ, ಕನ್ನಡಕ ಒರೆಸಿ ಡಬ್ಬಿಯಲ್ಲಿಟ್ಟು, ಕ್ಯಾಲೆಂಡರ್‌ನಲ್ಲಿ ಒಂದು ಗೀಟು ಎಳೆಯಿರಿ. ಸೋಫಾ ಮೇಲೆ ಟಿವಿ ನೋಡುತ್ತಾ ಕನ್ನಡಕ ಹಾಕಿಕೊಂಡೇ ನಿದ್ದೆ ಹೋದರೆ ಆ ದಿನಕ್ಕೆ ಸೊನ್ನೆ. ಮಧ್ಯಾಹ್ನದ ಜೊಂಪಿಗೂ ಸೊನ್ನೆ.

14ಕ್ಕೆ 14 ಬಂದರೆ ಮುಂದಿನ ಹಂತಕ್ಕೆ ಹೋಗಿ. 12, 13 ಬಂದರೆ ತಪ್ಪಿದ್ದು ಯಾವ ದಿನ, ಯಾಕೆ ಅಂತ ನೋಡಿ. ಪ್ರಯಾಣದ ದಿನವಾ? ತಡವಾಗಿ ಬಂದ ಶನಿವಾರವಾ? ಅದಕ್ಕೊಂದು ಉಪಾಯ ಮಾಡಿಕೊಂಡು, ಮತ್ತೊಂದು ವಾರ ನೋಡಿ. ಅದಕ್ಕಿಂತ ಕಡಿಮೆ ಬಂದರೆ ಲೆನ್ಸ್ ಈಗ ಬೇಡ. ಮಕ್ಕಳಿಗೆ ಈ ತಾಲೀಮು ಮಾಡಿಸುವಾಗ ನೆನಪಿಸುವುದು ಮೋಸ, ಅಲ್ವಾ? ಸುಮ್ನೆ ದೂರದಿಂದ ನೋಡಿ. ಗೀಟು ಅವರೇ ಎಳೆಯಲಿ.

ಕಣ್ಣಿನ ಹತ್ತಿರ ಬೆರಳು ಬಂದರೆ ಮೈ ಜುಮ್ ಅನ್ನುವವರಿಗೂ ಈ ಎರಡು ವಾರ ಒಳ್ಳೆಯದು. ಆ ಹೆದರಿಕೆ ಬಹುಪಾಲು ಜನರಿಗೆ ಅಭ್ಯಾಸದಿಂದ ಇಳಿಯುತ್ತದೆ. ಇಳಿಯದಿದ್ದರೆ ಅದೂ ಒಂದು ಉತ್ತರವೇ.

ಹಂತ 6: ಪರೀಕ್ಷೆ ಮತ್ತು ಟ್ರಯಲ್

ಕನ್ನಡಕದ ಚೀಟಿ ಹಿಡಿದು ಲೆನ್ಸ್ ಕೊಳ್ಳಲು ಆಗುವುದಿಲ್ಲ. ಎಷ್ಟೋ ಜನ ಮೊದಲ ತಪ್ಪು ಮಾಡುವುದು ಇಲ್ಲೇ. ಕನ್ನಡಕದ ಗಾಜು ಕಣ್ಣಿನಿಂದ ಸುಮಾರು 12 ಮಿಲಿಮೀಟರ್ ದೂರ ಇರುತ್ತದೆ, ಲೆನ್ಸ್ ಕಣ್ಣಿನ ಮೇಲೇ ಕೂರುತ್ತದೆ. ಅದರಿಂದ ಪವರ್ 4 ದಾಟಿದವರಿಗೆ ಲೆಕ್ಕ ಬೇರೆಯಾಗುತ್ತದೆ. ಉದಾಹರಣೆಗೆ ಕನ್ನಡಕದಲ್ಲಿ ಮೈನಸ್ 6 ಇರುವವರಿಗೆ ಲೆನ್ಸ್‌ನಲ್ಲಿ ಸುಮಾರು ಮೈನಸ್ 5.50 ಸಾಕಾಗಬಹುದು.

ಪವರ್ ಅಷ್ಟೇ ಅಲ್ಲ, ಲೆನ್ಸ್ ಚೀಟಿಯಲ್ಲಿ ಇನ್ನೂ ಎರಡು ಅಳತೆ ಇರಬೇಕು. ಬಿ.ಸಿ. (BC) ಅಂತ ಬರೆದಿರುವುದು ಬೇಸ್ ಕರ್ವ್, ಅಂದರೆ ಲೆನ್ಸ್‌ನ ಒಳಬಾಗು. ಸಾಫ್ಟ್ ಲೆನ್ಸ್‌ಗಳಲ್ಲಿ ಇದು ಹೆಚ್ಚಾಗಿ 8.3ರಿಂದ 9 ಮಿಲಿಮೀಟರ್ ನಡುವೆ. ಡಿಐಎ (DIA) ಅಂದರೆ ಲೆನ್ಸ್‌ನ ಅಗಲ, ಸಾಮಾನ್ಯವಾಗಿ 14 ಮಿಲಿಮೀಟರ್ ಆಸುಪಾಸು. ಬಾಗು ಬಿಗಿಯಾದರೆ ಲೆನ್ಸ್ ಹಿಡಿದುಕೊಳ್ಳುತ್ತದೆ, ಸಡಿಲವಾದರೆ ಜಾರಾಡುತ್ತದೆ. ಚಪ್ಪಲಿ ಅಳತೆ ಇದ್ದ ಹಾಗೆ. ಕಣ್ಣಿನ ಬಾಗು ಎಲ್ಲ ದಿಕ್ಕಿಗೂ ಒಂದೇ ಸಮ ಇಲ್ಲದೆ ಬರುವ ಸಿಲಿಂಡರ್ ಪವರ್ ಇರುವವರಿಗೆ ಟೋರಿಕ್ ಅನ್ನುವ, ಕಣ್ಣಲ್ಲಿ ತಿರುಗದೆ ನಿಲ್ಲುವ ಲೆನ್ಸ್ ಬೇಕು.

ಕಣ್ಣಿನ ಡಾಕ್ಟರ್ ಅಥವಾ ಆಪ್ಟೋಮೆಟ್ರಿಸ್ಟ್ (ದೃಷ್ಟಿ ಪರೀಕ್ಷಿಸಿ ಪವರ್ ಹೇಳುವವರು) ಸ್ಲಿಟ್ ಲ್ಯಾಂಪ್‌ನಲ್ಲಿ ನಿಮ್ಮ ಕಣ್ಣನ್ನು ದೊಡ್ಡದು ಮಾಡಿ ನೋಡುತ್ತಾರೆ. ಅದು ಗಲ್ಲ ಇಟ್ಟು ಕೂರುವ, ಸೀಳುಬೆಳಕಿನ ಸೂಕ್ಷ್ಮದರ್ಶಕ. ಕಾರ್ನಿಯಾದ ಬಾಗು ಅಳೆಯುತ್ತಾರೆ. ಕಣ್ಣೀರಿನ ಪದರ ಎಷ್ಟು ಸೆಕೆಂಡ್ ಒಡೆಯದೆ ನಿಲ್ಲುತ್ತದೆ ಅಂತ ನೋಡುತ್ತಾರೆ. 10 ಸೆಕೆಂಡ್‌ಗಿಂತ ಬೇಗ ಒಡೆದರೆ ಕಣ್ಣು ಒಣಗುವ ಜಾತಿ ಅಂತ ಅನುಮಾನ. ರೆಪ್ಪೆ ಮಡಚಿ ಒಳಭಾಗವನ್ನೂ ನೋಡಬೇಕು. ಅದು ಸ್ವಲ್ಪ ಕಿರಿಕಿರಿ, ತಡೆದುಕೊಳ್ಳಿ. ಆಮೇಲೆ ಟ್ರಯಲ್ ಲೆನ್ಸ್ ಹಾಕಿ, ಸ್ವಲ್ಪ ಹೊತ್ತು ಕೂರಿಸಿ, ಮಿಟುಕಿಸಿದಾಗ ಲೆನ್ಸ್ ಸರಿಯಾಗಿ ಆಡುತ್ತಿದೆಯಾ ಅಂತ ಪರೀಕ್ಷಿಸುತ್ತಾರೆ.

ಟ್ರಯಲ್ ಹಾಕಿದ ಐದು ನಿಮಿಷಕ್ಕೇ "ಸೂಪರ್" ಅಂತ ಡಬ್ಬಿಗಟ್ಟಲೆ ಆರ್ಡರ್ ಮಾಡಬೇಡಿ. ಅದನ್ನೇ ಕೆಲವು ದಿನ ನಿಮ್ಮ ಮಾಮೂಲಿ ದಿನದಲ್ಲಿ ಬಳಸಿ ನೋಡಲು ಆಗುತ್ತದಾ ಕೇಳಿ. ಕಣ್ಣು ನೋಡದೆ, ಬಾಗು ಅಳೆಯದೆ ಲೆನ್ಸ್ ಕೊಡಲು ಬರುವವರು ಯಾರೇ ಆಗಲಿ, ನಮಸ್ಕಾರ ಹೇಳಿ ಎದ್ದುಬನ್ನಿ.

ಹಂತ 7: ಯಾವ ಬಗೆ?

ಹೊಸಬರಿಗೆ, ಮಕ್ಕಳಿಗೆ, ಅಲರ್ಜಿ ಇರುವವರಿಗೆ ನನ್ನ ಓಟು ಒಂದು ದಿನ ಹಾಕಿ ಎಸೆಯುವ ಡೈಲಿ ಲೆನ್ಸ್‌ಗೆ. ತೊಳೆಯುವುದಿಲ್ಲ, ಡಬ್ಬಿ ಇಲ್ಲ, ಲೆನ್ಸ್ ತೊಳೆದು ನೆನೆಸಿಡುವ ಸೊಲ್ಯೂಷನ್ ಇಲ್ಲ. ತಪ್ಪು ಮಾಡಲು ಜಾಗವೇ ಕಡಿಮೆ. ಆದರೆ "ಒಂದೇ ದಿನ ಹಾಕಿದ್ದು, ನಾಳೆಗೂ ಆಗುತ್ತೆ" ಅಂತ ಎತ್ತಿಟ್ಟರೆ ಅದರ ಲಾಭವೆಲ್ಲ ಹೋಯಿತು.

ತಿಂಗಳ ಲೆನ್ಸ್‌ನಲ್ಲಿ ಎರಡು ಗೊಂದಲ. ತಿಂಗಳು ಅಂದರೆ ಪೊಟ್ಟಣ ಒಡೆದ ದಿನದಿಂದ 30 ದಿನ, ಹಾಕಿದ 30 ಸಲ ಅಲ್ಲ. ಐದೇ ಸಲ ಹಾಕಿದ್ದರೂ ಎಸೆಯಬೇಕು. ಎರಡನೆಯದು ಸೊಲ್ಯೂಷನ್. ನಿನ್ನೆಯ ಉಳಿಕೆಯ ಮೇಲೆ ಇವತ್ತಿನದನ್ನು ಸುರಿಯುವುದು ದೊಡ್ಡ ತಪ್ಪು. ಹಳೆಯದನ್ನು ಪೂರ್ತಿ ಚೆಲ್ಲಿ, ಡಬ್ಬಿಯನ್ನು ಹೊಸ ಸೊಲ್ಯೂಷನ್‌ನಿಂದಲೇ ತೊಳೆದು, ಒರೆಸಿ, ಬೋರಲು ಹಾಕಿ ಒಣಗಿಸಿ. ಮೂರು ತಿಂಗಳಿಗೊಮ್ಮೆ ಡಬ್ಬಿಯನ್ನೇ ಬದಲಿಸಿ. ಬಾಟಲಿ ಮೇಲೆ ಉಜ್ಜುವುದು ಬೇಡ ಅಂತ ಬರೆದಿದ್ದರೂ ಲೆನ್ಸನ್ನು ಅಂಗೈಯಲ್ಲಿಟ್ಟು ಬೆರಳಿನಿಂದ ಮೆಲ್ಲಗೆ ಉಜ್ಜಿಯೇ ತೊಳೆಯಿರಿ.

ಹೈಡ್ರೋಜನ್ ಪೆರಾಕ್ಸೈಡ್ ಇರುವ ಸೊಲ್ಯೂಷನ್ ಚೆನ್ನಾಗಿ ಶುದ್ಧ ಮಾಡುತ್ತದೆ. ಆದರೆ ಅದನ್ನು ನೇರವಾಗಿ ಕಣ್ಣಿಗೆ ತಾಗಿಸಿದರೆ ಪ್ರಾಣ ಹೋದ ಹಾಗೆ ಉರಿಯುತ್ತದೆ. ಅದರ ಜೊತೆ ಕೊಡುವ ವಿಶೇಷ ಡಬ್ಬಿಯಲ್ಲಿ, ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ 6 ಗಂಟೆ, ಇಟ್ಟ ಮೇಲಷ್ಟೇ ಲೆನ್ಸ್ ಹಾಕಬೇಕು.

ಆರ್‌ಜಿಪಿ ಅಂತ ಕರೆಯುವ, ಗಾಳಿ ಬಿಡುವ ಗಟ್ಟಿ ಲೆನ್ಸ್‌ಗೆ ಕಣ್ಣು ಒಗ್ಗಲು ಎರಡು ಮೂರು ವಾರ ಬೇಕು. ದೃಷ್ಟಿ ಮಾತ್ರ ತುಂಬಾ ಸ್ಪಷ್ಟ. ಕೆರಟೋಕೋನಸ್‌ಗೆ, ಜಾಸ್ತಿ ಸಿಲಿಂಡರ್‌ಗೆ ಹೆಚ್ಚಾಗಿ ಇದನ್ನೇ ಹೇಳುತ್ತಾರೆ.

ಹಂತ 8: ಕನ್ನಡಿ ಮುಂದಿನ ಪರೀಕ್ಷೆ

ಲೆನ್ಸ್ ಮನೆಗೆ ಒಯ್ಯುವ ಮೊದಲು ಕಲಿಸುವವರ ಎದುರೇ, ಅವರ ಕೈ ತಾಗದೆ, ಎರಡೂ ಕಣ್ಣಿಗೆ ಮೂರು ಸಲ ಹಾಕಿ ಮೂರು ಸಲ ತೆಗೆಯಲು ಬರಬೇಕು. ಹಾಕಲು ಬಂದು ತೆಗೆಯಲು ಬಾರದಿದ್ದರೆ ಪಾಸಲ್ಲ. ರಾತ್ರಿ ಒಬ್ಬರೇ ಇರುವಾಗ ಲೆನ್ಸ್ ತೆಗೆಯಲು ಬಾರದೆ ಗಾಬರಿಯಾಗಿ ಕಣ್ಣು ಕೆರೆದುಕೊಂಡವರು ಇದ್ದಾರೆ.

ಉಗುರು ಚಿಕ್ಕದಾಗಿ ಕತ್ತರಿಸಿ. ಯಾವಾಗಲೂ ಬಲಗಣ್ಣಿನಿಂದಲೇ ಶುರು ಮಾಡಿ, ಅದಲು ಬದಲು ಆಗುವುದಿಲ್ಲ. ಬೆರಳ ತುದಿಯಲ್ಲಿ ಲೆನ್ಸ್ ಇಟ್ಟು ಪಕ್ಕದಿಂದ ನೋಡಿ. ಅಂಚು ನೆಟ್ಟಗೆ ನಿಂತು ಬಟ್ಟಲಿನ ಹಾಗಿದ್ದರೆ ಸರಿ. ಅಂಚು ಹೊರಗೆ ಬಿಚ್ಚಿಕೊಂಡು ತಟ್ಟೆಯ ಹಾಗಿದ್ದರೆ ಒಳಗಿನದು ಹೊರಗಾಗಿದೆ, ತಿರುಗಿಸಿ. ತೆಗೆಯುವಾಗ ಮೇಲೆ ನೋಡುತ್ತಾ ಲೆನ್ಸನ್ನು ಕೆಳಗಿನ ಬಿಳಿ ಭಾಗಕ್ಕೆ ಜಾರಿಸಿ, ಅಲ್ಲಿ ಎರಡು ಬೆರಳಿನ ಮೆದು ತುದಿಯಿಂದ ಹಿಡಿಯಿರಿ. ಲೆನ್ಸ್ ಒಣಗಿ ಅಂಟಿದೆ ಅನ್ನಿಸಿದರೆ ಎಳೆಯಬೇಡಿ. ಲೆನ್ಸ್ ಮೇಲೆ ಹಾಕಬಹುದಾದ ಹನಿ ಔಷಧ ಎರಡು ಹನಿ ಬಿಟ್ಟು, ಸ್ವಲ್ಪ ಹೊತ್ತು ಮಿಟುಕಿಸಿ, ಆಮೇಲೆ ತೆಗೆಯಿರಿ.

ಹಂತ 9: ಮೊದಲ ವಾರಗಳು

ಮೊದಲ ದಿನ ಸುಮಾರು 4 ಗಂಟೆ ಸಾಕು. ಡಾಕ್ಟರ್ ಹೇಳಿದ ಹಾಗೆ ದಿನಕ್ಕೆ ಒಂದೆರಡು ಗಂಟೆ ಏರಿಸುತ್ತಾ ಹೋಗಿ. ಒಂದೆರಡು ವಾರದಲ್ಲಿ ಮತ್ತೆ ತೋರಿಸಿ, ಏನೂ ತೊಂದರೆ ಇಲ್ಲದಿದ್ದರೂ. ಆ ದಿನ ಲೆನ್ಸ್ ಹಾಕಿಕೊಂಡೇ ಹೋಗಿ, ಕೂತಿರುವ ರೀತಿ ಅವರಿಗೆ ಕಾಣಬೇಕು. ಆಮೇಲೆ ವರ್ಷಕ್ಕೊಮ್ಮೆಯಾದರೂ ಪರೀಕ್ಷೆ.

ಪ್ರತಿದಿನ ಕನ್ನಡಿ ಮುಂದೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಕಣ್ಣು ಬೆಳ್ಳಗಿದೆಯಾ? ಆರಾಮಾಗಿದೆಯಾ? ಚೆನ್ನಾಗಿ ಕಾಣುತ್ತಿದೆಯಾ? ಒಂದಕ್ಕೆ ಇಲ್ಲ ಅಂತ ಬಂದರೂ ಲೆನ್ಸ್ ತೆಗೆಯಿರಿ. ತೆಗೆದ ಮೇಲೂ ನೋವು ಏರುತ್ತಿದ್ದರೆ, ಕೆಂಪು ಇಳಿಯದಿದ್ದರೆ, ಬೆಳಕು ನೋಡಲು ಆಗದಿದ್ದರೆ, ಮಂಜಾದರೆ, ಕಪ್ಪು ಭಾಗದ ಮೇಲೆ ಬಿಳಿ ಚುಕ್ಕೆ ಕಂಡರೆ ಅದೇ ದಿನ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ. ನಾಳೆ ನೋಡೋಣ ಅನ್ನಬೇಡಿ. ಲೆನ್ಸ್, ಡಬ್ಬಿ ಎಸೆಯದೆ ಜೊತೆಗೆ ಒಯ್ಯಿರಿ, ಯಾವ ಕ್ರಿಮಿ ಅಂತ ಹುಡುಕಲು ಅವು ಬೇಕಾಗಬಹುದು. ಮನೆಯಲ್ಲಿ ಉಳಿದಿರುವ ಯಾವುದೋ ಹನಿ ಔಷಧ ಹಾಕಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಕೆಂಪು ಇಳಿದಂತೆ ಕಾಣುತ್ತದೆ, ಒಳಗೆ ಸೋಂಕು ಬೆಳೆಯುತ್ತಿರುತ್ತದೆ.

ಉಳಿದ ಸಣ್ಣ ಪ್ರಶ್ನೆಗಳು

ಲೆನ್ಸ್ ಕಣ್ಣಿನ ಹಿಂದೆ ಹೋಗಿಬಿಡುತ್ತಾ? ಇಲ್ಲ. ರೆಪ್ಪೆಯ ಒಳಪೊರೆ ಮಡಚಿ ಗುಡ್ಡೆಗೆ ಕೂಡಿಕೊಂಡಿರುತ್ತದೆ, ಅಲ್ಲಿಂದಾಚೆ ದಾರಿಯಿಲ್ಲ. ಮೇಲಿನ ರೆಪ್ಪೆಯಡಿ ಮಡಚಿ ಕೂತಿರಬಹುದು, ಅಷ್ಟೇ.

ಒಲೆ ಮುಂದೆ ನಿಂತರೆ ಕರಗಿ ಅಂಟಿಕೊಳ್ಳುತ್ತಾ? ಇಲ್ಲ, ಅದು ಬರೀ ಕಟ್ಟುಕಥೆ.

ಕಾಡಿಗೆ, ಮೇಕಪ್? ಮೊದಲು ಲೆನ್ಸ್ ಹಾಕಿ ಆಮೇಲೆ ಮೇಕಪ್. ಸಂಜೆ ಮೊದಲು ಲೆನ್ಸ್ ತೆಗೆದು ಆಮೇಲೆ ಮೇಕಪ್ ಒರೆಸಿ. ರೆಪ್ಪೆಯ ಒಳ ಅಂಚಿಗೆ ಕಾಡಿಗೆ ಬೇಡ.

ಪವರ್ ಇಲ್ಲದ ಬಣ್ಣದ ಲೆನ್ಸ್‌ಗೂ ಇಷ್ಟೆಲ್ಲಾ ಬೇಕಾ? ಬೇಕು. ಕೂರುವುದು ಅದೇ ಕಾರ್ನಿಯಾದ ಮೇಲೆ. ಬಾಗು ಅಳೆಸದೆ ಕೊಳ್ಳಬೇಡಿ, ಒಬ್ಬರದನ್ನು ಇನ್ನೊಬ್ಬರು ಹಾಕಬೇಡಿ.

ಲೆನ್ಸ್ ಬಂದ ಮೇಲೆ ಕನ್ನಡಕ ಬಿಡಬಹುದಾ? ಇಲ್ಲ. ಈಗಿನ ಪವರ್‌ನ ಒಂದು ಕನ್ನಡಕ ಸದಾ ಕೈಗೆ ಸಿಗುವಂತಿರಲಿ. ಕಣ್ಣು ಕೆಂಪಾದ ದಿನ ಕನ್ನಡಕವೇ ಇಲ್ಲದವರು, ಕಾಣಬೇಕಲ್ಲ ಅಂತ ಅದೇ ಕಣ್ಣಿಗೆ ಮತ್ತೆ ಲೆನ್ಸ್ ಹಾಕಿಕೊಳ್ಳುತ್ತಾರೆ. ಮೂರು ವರ್ಷದ ಹಿಂದಿನ ಪವರ್‌ನ ಕನ್ನಡಕ ಮಾತ್ರ ಇದ್ದರೆ, ಲೆನ್ಸ್‌ಗಿಂತ ಮೊದಲು ಅದನ್ನು ಬದಲಿಸಿಕೊಳ್ಳಿ.